ಹುತ್ತದ ಅಣಬೆ: ಗುರುತಿಸುವುದು, ಕೀಳುವುದು, ಸಾರು ಮಾಡುವುದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಅಣಬೆ ಅಂದರೆ ಮೊದಲು ನೆನಪಾಗುವುದು ಹುತ್ತದ ಅಣಬೆ. ಅಂಗಡಿಯ ಡಬ್ಬಿಯಲ್ಲಿ ಸಿಗುವ ಬಟನ್ ಅಣಬೆ ಆಮೇಲೆ ಬಂದದ್ದು. ಬಾಗೇಪಲ್ಲಿ, ಶ್ರೀನಿವಾಸಪುರ ಕಡೆಯ ತೆಲುಗು ಮನೆಗಳಲ್ಲಿ ಪುಟ್ಟಗೊಡುಗು ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಮಳೆ ಬಿದ್ದು ಗುಡುಗು ಗುಡುಗಿದ ಮರುದಿನ ಬೆಳಿಗ್ಗೆ ಬದುವಿನ ಕಡೆ ಕಣ್ಣು ಹಾಯಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಈಚೆಗೆ ಕಾಡು ಅಣಬೆಯ ಔಷಧ ಗುಣದ ಬಗ್ಗೆ ವಿಡಿಯೋಗಳು ಜಾಸ್ತಿಯಾಗಿವೆ. ಅದನ್ನು ನೋಡಿ ಹಳ್ಳಿ ಬಿಟ್ಟು ಎಷ್ಟೋ ವರ್ಷವಾದವರೂ ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಿದ್ದಾರೆ. ಅಂಥವರಿಗೆ ನನ್ನ ಮಾತು ಇಷ್ಟೇ. ಒಂದೇ ಒಂದು ಅಣಬೆಯನ್ನು ಪೂರ್ತಿಯಾಗಿ ಕಲಿಯಿರಿ. ಉಳಿದದ್ದನ್ನೆಲ್ಲ, ಎಷ್ಟೇ ಚೆನ್ನಾಗಿ ಕಂಡರೂ, ಇದ್ದಲ್ಲೇ ಬಿಟ್ಟು ಬನ್ನಿ. ನಮ್ಮ ಬಯಲುಸೀಮೆಯಲ್ಲಿ ಹಾಗೆ ಕಲಿಯಲು ಯೋಗ್ಯವಾದದ್ದು ಹುತ್ತದ ಅಣಬೆ. ಅದಕ್ಕೆ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು ನೆಲದ ಒಳಗೆ ಇದೆ.

ಇದು ಗೆದ್ದಲಿನ ಬೆಳೆ

ಹುತ್ತದ ಅಣಬೆಯ ವೈಜ್ಞಾನಿಕ ಕುಲದ ಹೆಸರು ಟರ್ಮಿಟೊಮೈಸಿಸ್. ಫ್ರಾನ್ಸಿನ ವಿಜ್ಞಾನಿ ರೋಜೆ ಹೈಮ್ 1942ರಲ್ಲಿ ಈ ಹೆಸರು ಕೊಟ್ಟರು. ಕೆಲವು ಜಾತಿಯ ಗೆದ್ದಲುಗಳು ಒಣಗಿದ ಎಲೆ, ಕಡ್ಡಿ, ಹುಲ್ಲು ತಿಂದು, ಅರೆಬರೆ ಜೀರ್ಣವಾದ ಆ ಪದಾರ್ಥವನ್ನು ನೆಲದಡಿಯ ಗೂಡಿನಲ್ಲಿ ಗುಡ್ಡೆ ಹಾಕುತ್ತವೆ. ಅದರ ಮೇಲೆ ಈ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಅರಗದ ಮರದ ನಾರನ್ನು ಶಿಲೀಂಧ್ರ ಅರಗಿಸಿ ಕೊಡುತ್ತದೆ. ಗೆದ್ದಲು ಅದನ್ನು ತಿಂದು ಬದುಕುತ್ತದೆ. ಮಳೆ ಬಂದು ನೆಲ ನೆನೆದಾಗ ಇದೇ ಶಿಲೀಂಧ್ರ ಮಣ್ಣು ಸೀಳಿಕೊಂಡು ಕೊಡೆಯಾಗಿ ಮೇಲೆ ಬರುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಗೆದ್ದಲಿಲ್ಲದೆ ಈ ಅಣಬೆ ಇಲ್ಲ. ಆದ್ದರಿಂದಲೇ ಇದನ್ನು ಬಟನ್ ಅಣಬೆಯ ಹಾಗೆ ಶೆಡ್ಡಿನಲ್ಲಿ ಬೆಳೆಯಲು ಆಗಿಲ್ಲ. ಎರಡು, ಕೆಳಗಿನ ಗೂಡು ಹಾಳಾಗದಿದ್ದರೆ ಮುಂದಿನ ವರ್ಷವೂ ಅಲ್ಲೇ ಬರುತ್ತದೆ. ನಮ್ಮ ಹಿರಿಯರು ತಮ್ಮ ಅಣಬೆ ಜಾಗವನ್ನು ಪಕ್ಕದ ಮನೆಯವರಿಗೂ ಹೇಳದೆ ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ.

ಹುತ್ತ ಎದ್ದು ಕಾಣಲೇಬೇಕು ಅಂತೇನೂ ಇಲ್ಲ. ಸಮತಟ್ಟಾದ ನೆಲದ ಅಡಿಯಲ್ಲೂ ಗೂಡು ಇರುತ್ತದೆ. ಎಷ್ಟೋ ಸಲ ಹೊಂಗೆ ಮರದ ನೆರಳಿನ ಬರೀ ನೆಲದಲ್ಲೇ ಕೊಡೆಗಳು ಸಾಲಾಗಿ ನಿಂತಿರುತ್ತವೆ.

ಯಾವಾಗ, ಎಲ್ಲಿ

ನಮ್ಮ ಕಡೆ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಮೃಗಶಿರ, ಆರಿದ್ರ ಮಳೆ ಚೆನ್ನಾಗಿ ಹಿಡಿದರೆ ಜೂನ್ ಕೊನೆಗೆ ಒಂದು ಸರತಿ ಅಣಬೆ ಬರುತ್ತದೆ. ಆದರೆ ಈ ಮೂರು ಜಿಲ್ಲೆಗೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಹುಬ್ಬೆ, ಉತ್ತರೆ, ಹಸ್ತ ಮಳೆಗಳ ಕಾಲವನ್ನು ತಪ್ಪಿಸಿಕೊಳ್ಳಬೇಡಿ. ಬಿಸಿಲು ಕಾಯ್ದು, ಒಂದು ರಾತ್ರಿ ಜೋರು ಮಳೆಯಾಗಿ, ಮತ್ತೆ ಮೋಡ ಮುಚ್ಚಿಕೊಂಡು ಸೆಕೆ ಆದರೆ ಎರಡು ಮೂರು ದಿನದಲ್ಲಿ ನೋಡಬಹುದು.

ಹುಡುಕಬೇಕಾದ ಜಾಗಗಳು: ಉಳುಮೆ ಮಾಡದ ಬದು, ಗುಂಡುತೋಪು, ಹಳೆಯ ಹುಣಸೆ ಮತ್ತು ಹೊಂಗೆ ಮರಗಳ ಅಡಿ, ಗೋಮಾಳದ ಅಂಚು, ಬೇಲಿ ಸಾಲು. ನಿಮ್ಮದೇ ಜಮೀನು ಅಥವಾ ಗುರುತಿನವರ ಜಮೀನಾದರೆ ಎಲ್ಲಕ್ಕಿಂತ ಒಳ್ಳೆಯದು. ದೇವರಾಯನದುರ್ಗದಂಥ ಮೀಸಲು ಅರಣ್ಯದಿಂದ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕಿತ್ತು ತರುವ ಹಾಗಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅದು ಅಪರಾಧ.

ಹೋಗಬಾರದ ಜಾಗಗಳೂ ಇವೆ. ಅಣಬೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳನ್ನು ಹೀರಿ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ತೊಳೆದರೆ, ಬೇಯಿಸಿದರೆ ಅವು ಹೋಗುವುದಿಲ್ಲ. ಆದ್ದರಿಂದ ಕೆಜಿಎಫ್‌ನ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಸುತ್ತಮುತ್ತ, ಹೆದ್ದಾರಿಯ ಪಕ್ಕ, ಕಾರ್ಖಾನೆಯ ನೀರು ಹರಿಯುವ ಹಳ್ಳದ ಬದಿಯಲ್ಲಿ ಬೆಳೆದದ್ದನ್ನು ಮುಟ್ಟಬೇಡಿ. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಔಷಧಿ ಹೊಡೆಯುತ್ತಾರೆ. ಪಾವಗಡದ ಕಡಲೆಕಾಯಿ ಹೊಲಗಳಲ್ಲಿ ಗೆದ್ದಲಿಗೇ ಔಷಧಿ ಹಾಕುವುದುಂಟು. ಯಾರ ಹೊಲ, ಯಾವಾಗ ಏನು ಹೊಡೆದಿದ್ದಾರೆ ಅಂತ ಕೇಳಿಕೊಂಡೇ ಕೀಳಿ.

ಹಾವಿನ ವಿಷಯ ಮರೆಯಬೇಡಿ. ಹುತ್ತದ ತೂತಿಗೆ ಕೈ ಹಾಕಬೇಡಿ. ಕಾಲಿಗೆ ಶೂ ಇರಲಿ, ಕೈಯಲ್ಲಿ ಕೋಲು ಇರಲಿ. ಪೂಜೆ ಮಾಡುವ ಹುತ್ತವಾದರೆ ಊರಿನವರನ್ನು ಕೇಳದೆ ಹತ್ತಿರ ಹೋಗಲೂಬೇಡಿ.

ಗುರುತಿಸುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು.

ಮೊದಲು ಕೊಡೆ ನೋಡಿ. ಹುತ್ತದ ಅಣಬೆಯ ಕೊಡೆಯ ನಡುವೆ ಒಂದು ಗುಬ್ಬಿ, ಅಂದರೆ ಉಬ್ಬು, ಇರುತ್ತದೆ. ಕೆಲವದರಲ್ಲಿ ಅದು ಚೂಪಾಗಿ, ಗಟ್ಟಿಯಾಗಿ, ಉಳಿದ ಕೊಡೆಗಿಂತ ಕಪ್ಪಾಗಿರುತ್ತದೆ. ಗಟ್ಟಿ ಮಣ್ಣನ್ನು ಕೊರೆದುಕೊಂಡು ಬರುವುದು ಆ ತುದಿಯಿಂದಲೇ. ಕೊಡೆಯ ಬಣ್ಣ ಬಿಳಿ, ಬೂದು ಅಥವಾ ತಿಳಿ ಕಂದು. ಅರಳಿದ ಮೇಲೆ ಅಂಚು ಅಲ್ಲಲ್ಲಿ ಸೀಳುತ್ತದೆ.

ಕೊಡೆ ಮಗುಚಿ ಅಡಿಯ ಪದರಗಳನ್ನು ನೋಡಿ. ಎಳೆಯದರಲ್ಲಿ ಅಚ್ಚ ಬಿಳಿ. ಬಲಿತಂತೆ ತುಸು ಗುಲಾಬಿ ಛಾಯೆ ಬರುತ್ತದೆ. ಪದರಗಳು ಒತ್ತೊತ್ತಾಗಿ ಇರುತ್ತವೆ, ಕಾಲಿಗೆ ಅಂಟಿಕೊಳ್ಳದೆ ಸ್ವಲ್ಪ ದೂರದಲ್ಲೇ ನಿಲ್ಲುತ್ತವೆ. ಹಸಿರು ಛಾಯೆ ಚೂರು ಕಂಡರೂ ಅಲ್ಲೇ ಬಿಟ್ಟುಬಿಡಿ.

ಆಮೇಲೆ ಕಾಲು. ಗಟ್ಟಿ, ಒಳಗೆ ತುಂಬಿಕೊಂಡಿರುತ್ತದೆ. ಉದ್ದಕ್ಕೆ ಸಿಗಿದರೆ ಬೇಯಿಸಿದ ಕೋಳಿಯ ಎದೆ ಮಾಂಸದ ಹಾಗೆ ಎಳೆ ಎಳೆಯಾಗಿ ಬರುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ತೀರ್ಮಾನ ಮಾಡಬೇಡಿ. ಈಗ ನೆಲದ ಒಳಗಿನ ಗುರುತು ನೋಡಬೇಕು. ಗುಂಪಿನಲ್ಲಿ ಒಂದೇ ಒಂದು ಅಣಬೆಯನ್ನು ಆರಿಸಿಕೊಳ್ಳಿ. ಅದರ ಸುತ್ತ ಸಣ್ಣ ಕುಡುಗೋಲಿನಿಂದಲೋ ಗಟ್ಟಿ ಕಡ್ಡಿಯಿಂದಲೋ ಮಣ್ಣನ್ನು ಮೆಲ್ಲಗೆ ಬಿಡಿಸುತ್ತಾ ಹೋಗಿ. ಹುತ್ತದ ಅಣಬೆಯ ಕಾಲು ನೆಲದ ಮಟ್ಟಕ್ಕೆ ಮುಗಿಯುವುದಿಲ್ಲ. ಅದು ಬೇರಾಗಿ ಕೆಳಗೆ ಇಳಿಯುತ್ತದೆ. ಇಳಿದಂತೆ ಸಪೂರವಾಗುತ್ತದೆ, ಹೊರಮೈ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅರ್ಧ ಅಡಿ, ಒಂದಡಿ, ಕೆಲವೊಮ್ಮೆ ಅದಕ್ಕಿಂತಲೂ ಆಳ. ಕೊನೆಗೆ ಅದು ಹೋಗಿ ಸೇರುವುದು ಗೆದ್ದಲಿನ ಗೂಡಿಗೆ. ಅಲ್ಲಿ ತೂತು ತೂತಾದ, ಕೈಗೆ ಮೆತ್ತಗಿರುವ ಕಂದು ಗಡ್ಡೆ ಕಾಣುತ್ತದೆ. ಅದರ ಮೇಲೆ ಗುಂಡುಸೂಜಿ ತಲೆಯಷ್ಟು ಚಿಕ್ಕ ಬಿಳಿ ಚುಕ್ಕೆಗಳು ಇರುತ್ತವೆ. ಸುತ್ತ ಗೆದ್ದಲು ಓಡಾಡುತ್ತಿರುತ್ತವೆ. ಇಷ್ಟು ನೋಡಿದರೆ ಮಾತ್ರ ಹುತ್ತದ ಅಣಬೆ ಅಂತ ಹೇಳಿ. ನೋಡಿದ ಮೇಲೆ ಮಣ್ಣು ಮುಚ್ಚಿಬಿಡಿ. ಗುಂಪಿನ ಉಳಿದ ಅಣಬೆಗೆ ಅಗೆಯುವುದು ಬೇಡ, ಆದರೆ ಪ್ರತಿಯೊಂದೂ ಬೇರಿನ ತುಂಡಿನೊಂದಿಗೆ ಬರುವ ಹಾಗೆ ಕೀಳಿ.

ಹುತ್ತದ ಹತ್ತಿರ ಬೆಳೆದದ್ದೆಲ್ಲ ಹುತ್ತದ ಅಣಬೆ ಅಲ್ಲ. ಹುತ್ತದ ಪಕ್ಕದ ಮಣ್ಣಿನಲ್ಲಿ ವಿಷದ ಅಣಬೆ ಬೆಳೆಯಲು ಏನೂ ಅಡ್ಡಿಯಿಲ್ಲ. ಬೇರು ಗೂಡಿಗೆ ಸೇರಿದೆಯಾ ಅನ್ನುವುದೇ ಪ್ರಶ್ನೆ.

ಇದೇ ಕುಲದಲ್ಲಿ ತೀರ ಚಿಕ್ಕ ಜಾತಿಯೊಂದಿದೆ. ಕೊಡೆ ಬೆರಳಿನ ಉಗುರಿನಷ್ಟು. ನೂರಾರು ಒಟ್ಟಿಗೆ ನೆಲ ಬೆಳ್ಳಗೆ ಕಾಣುವ ಹಾಗೆ ಏಳುತ್ತವೆ. ಗೆದ್ದಲು ಗೂಡಿನ ಚೂರುಗಳನ್ನು ಹೊರಗೆ ತಂದು ಹಾಕಿದಾಗ ಅದರಿಂದ ಹುಟ್ಟುವುದು ಇದು. ಇದಕ್ಕೆ ಉದ್ದ ಬೇರು ಇರುವುದಿಲ್ಲ. ರುಚಿ ತುಂಬಾ ಚೆನ್ನಾಗಿದೆ. ಆದರೂ ಹೊಸಬರು ತಾವಾಗೇ ಕೀಳಬೇಡಿ, ಬಲ್ಲವರು ಜೊತೆಗಿದ್ದರೆ ಮಾತ್ರ. ಹಾಗೆಯೇ ಈ ಕುಲದ ಟರ್ಮಿಟೊಮೈಸಿಸ್ ಹೈಮಿ ಅನ್ನುವ ದಕ್ಷಿಣ ಭಾರತದ ಜಾತಿಗೆ ಕಾಲಿನ ಮೇಲೆ ಉಂಗುರ ಇರುತ್ತದೆ, ಅದೂ ತಿನ್ನುವಂಥದ್ದೇ. ಆದರೆ ಕೊಲ್ಲುವ ಅಣಬೆಗಳಿಗೂ ಉಂಗುರ ಇರುತ್ತದೆ. ಕಲಿಯುವ ಕಾಲದಲ್ಲಿ ಉಂಗುರ ಇರುವ ಯಾವುದನ್ನೂ ಮನೆಗೆ ತರದಿರುವುದು ಕ್ಷೇಮ.

ಬೀಜಕದ ಅಚ್ಚು ತೆಗೆದು ನೋಡುವುದು

ಅರಳಿದ ಒಂದು ಕೊಡೆಯನ್ನು ಕಾಲಿನಿಂದ ಬಿಡಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಇರುವ ಕಾಗದದ ಮೇಲೆ ಪದರ ಕೆಳಗೆ ಬರುವಂತೆ ಇಡಿ. ಮೇಲೆ ಒಂದು ಬಟ್ಟಲು ಬೋರಲು ಹಾಕಿ. ಏಳೆಂಟು ಗಂಟೆ ಬಿಟ್ಟು ಎತ್ತಿದರೆ ಕಾಗದದ ಮೇಲೆ ಬೀಜಕ, ಅಂದರೆ ಅಣಬೆ ಹರಡುವ ಸಣ್ಣ ಪುಡಿ, ಉದುರಿ ಅಚ್ಚು ಮೂಡಿರುತ್ತದೆ. ಹುತ್ತದ ಅಣಬೆಯದು ತಿಳಿ ಗುಲಾಬಿ ಬೆರೆತ ಕೆನೆ ಬಣ್ಣ. ಹಸಿರು ಬಂದರೆ ವಿಷ. ಅಚ್ಚ ಬಿಳಿ ಬಂದರೆ ಅಮಾನಿಟ ಅನ್ನುವ ಕೊಲ್ಲುವ ಅಣಬೆ ಇರಬಹುದು, ಎಲ್ಲವನ್ನೂ ಎಸೆಯಿರಿ. ಗುಲಾಬಿ ಬಂದ ಮಾತ್ರಕ್ಕೆ ಸರಿ ಅಂತಲ್ಲ. ಎಂಟೊಲೋಮ ಅನ್ನುವ ಕುಲದಲ್ಲಿ ವಿಷದ ಜಾತಿಗಳಿವೆ, ಅವುಗಳದ್ದೂ ಗುಲಾಬಿಯೇ. ಇದು ಬೇಡದ್ದನ್ನು ತೆಗೆದುಹಾಕುವ ಪರೀಕ್ಷೆ, ಒಪ್ಪುವ ಪರೀಕ್ಷೆ ಅಲ್ಲ.

ದೂರ ಇಡಬೇಕಾದವು

ಮಳೆಗಾಲದಲ್ಲಿ ಹುಲ್ಲು ನೆಲ, ಶಾಲೆ ಮೈದಾನ, ಪಾರ್ಕುಗಳಲ್ಲಿ ದೊಡ್ಡ ಬಿಳಿ ಕೊಡೆಗಳು ಏಳುತ್ತವೆ. ಮೇಲೆ ಕಂದು ಚಕ್ಕೆಗಳು, ಕಾಲಿಗೆ ಮೇಲೆ ಕೆಳಗೆ ಸರಿಯುವ ಉಂಗುರ. ಎಳೆಯದಾಗಿದ್ದಾಗ ಪದರ ಬೆಳ್ಳಗೇ ಇರುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಅಂತ ಇದರ ಹೆಸರು. ನೋಡಲು ಬಹಳ ಚೆಂದ, ವಾಸನೆಯೂ ಹಿತ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ, ಹೊಟ್ಟೆ ಕಿವುಚುವ ನೋವು ಶುರುವಾಗುತ್ತದೆ.

ಅಮಾನಿಟ ಇದಕ್ಕಿಂತ ಘೋರ. ಕಾಲಿನ ಬುಡದಲ್ಲಿ ಹರಿದ ಚೀಲ, ಮೇಲೆ ಉಂಗುರ, ಬಿಳಿ ಪದರ ಇವು ಮೂರೂ ಇದ್ದರೆ ಕೈ ಹಾಕಬೇಡಿ. ಬುಡದ ಚೀಲ ಮಣ್ಣೊಳಗೆ ಇರುತ್ತದೆ. ಕತ್ತರಿಸಿ ತಂದರೆ ಆ ಗುರುತು ಹೊಲದಲ್ಲೇ ಉಳಿದುಬಿಡುತ್ತದೆ. ಅಣಬೆಯನ್ನು ಚಾಕುವಿನಿಂದ ಕೊಯ್ಯದೆ ಬುಡ ಸಮೇತ ಎತ್ತಿ ಅನ್ನುವುದು ಇದಕ್ಕೇ.

ಸಗಣಿ, ತಿಪ್ಪೆಯ ಮೇಲೆ ಬಂದದ್ದು ಯಾವುದೂ ಬೇಡ. ಅದರಲ್ಲಿ ತಲೆ ಕೆಡಿಸುವ ಜಾತಿಗಳೂ ಇವೆ. ಮೊಟ್ಟೆಯ ಆಕಾರದ ಬಿಳಿ ಮೊಗ್ಗುಗಳೂ ಬೇಡ. ಉದ್ದಕ್ಕೆ ಸೀಳಿದಾಗ ಒಳಗೆ ಪುಟ್ಟ ಕೊಡೆಯ ಗೆರೆ ಕಂಡರೆ ಅದು ಅಮಾನಿಟದ ಮೊಗ್ಗೂ ಆಗಿರಬಹುದು. ತಿನ್ನುವ ಹುಲ್ಲಿನ ಅಣಬೆಗೂ ಬುಡದಲ್ಲಿ ಚೀಲ ಇರುತ್ತದೆ. ಹುಲ್ಲಿನ ಅಣಬೆ ಅಂತ ತಿಳಿದು ಅಮಾನಿಟ ತಿಂದು ಸತ್ತವರು ಬೇರೆ ದೇಶಗಳಲ್ಲಿ ಬಹಳ ಇದ್ದಾರೆ.

ಇನ್ನು ಮನೆ ಪರೀಕ್ಷೆಗಳು. ಬೆಳ್ಳಿ ನಾಣ್ಯ ಹಾಕಿ ಕುದಿಸಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಾಗುತ್ತದೆ, ಅರಿಶಿನ ಕೆಂಪಾಗುತ್ತದೆ, ಹುಳ ಬಿದ್ದಿದ್ದರೆ ವಿಷ ಇಲ್ಲ, ಮೇಕೆ ತಿಂದರೆ ನಾವೂ ತಿನ್ನಬಹುದು. ಇವು ಯಾವುವೂ ನಿಜವಲ್ಲ. ಅಮಾನಿಟದ ವಿಷ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ, ಹುಳವನ್ನು ಓಡಿಸುವುದಿಲ್ಲ. ಎಷ್ಟು ಕುದಿಸಿದರೂ, ಒಣಗಿಸಿದರೂ ಅದು ಹೋಗುವುದಿಲ್ಲ. ಈ ನಂಬಿಕೆಗಳನ್ನು ಮನೆಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ಸುಮ್ನೆ ತಲೆಯಾಡಿಸಬೇಡಿ, ಬಿಡಿಸಿ ಹೇಳಿ. ಫೋನಿನಲ್ಲಿ ಫೋಟೋ ತೆಗೆದು ಹೆಸರು ಹೇಳುವ ಆ್ಯಪ್‌ಗಳನ್ನು ನಂಬಿಯೂ ತಿನ್ನಬೇಡಿ. ನೆಲದ ಒಳಗಿರುವುದು ಫೋಟೋದಲ್ಲಿ ಕಾಣುವುದಿಲ್ಲ.

ಕೀಳುವುದು, ತರುವುದು, ತೊಳೆಯುವುದು

ಬೆಳಿಗ್ಗೆ ಬೇಗ ಹೋಗಿ. ಗುರುತು ಖಚಿತವಾದ ಗುಂಪಿನಲ್ಲಿ ಮೊಗ್ಗಾಗಿರುವ, ಈಗಷ್ಟೇ ಅರಳುತ್ತಿರುವ ಅಣಬೆಗೆ ರುಚಿ ಹೆಚ್ಚು. ಪೂರ್ತಿ ಅರಳಿ ಅಂಚು ಮೇಲೆದ್ದದ್ದರಲ್ಲಿ ಆಗಲೇ ಹುಳ ಇರುತ್ತದೆ. ಅಂಥವನ್ನು ಅಲ್ಲೇ ಬಿಡಿ. ಕಾಲಿನ ಬುಡ ಹಿಡಿದು ಮೆಲ್ಲಗೆ ತಿರುವುತ್ತಾ ಎಳೆಯಿರಿ. ಹುತ್ತ ಒಡೆಯಬೇಡಿ. ಸಲಿಕೆ, ಗುದ್ದಲಿ ಬೇಡವೇ ಬೇಡ.

ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದರೆ ಬೆವರಿ, ಮನೆ ಮುಟ್ಟುವ ಹೊತ್ತಿಗೆ ಲೋಳೆಯಾಗುತ್ತದೆ. ಬಿದಿರಿನ ಬುಟ್ಟಿಗೆ ಮುತ್ತುಗದ ಎಲೆ ಹಾಸಿ, ಅದರ ಮೇಲೆ ಸಡಿಲವಾಗಿ ಇಟ್ಟು ತನ್ನಿ. ಬೇರೆ ಜಾತಿಯ ಒಂದೂ ಅಣಬೆ ಅದೇ ಬುಟ್ಟಿಗೆ ಬೀಳಬಾರದು. ಚೂರಾಗಿ ಬೆರೆತು ಹೋದರೆ ಆಮೇಲೆ ಬೇರೆ ಮಾಡಲಾಗುವುದಿಲ್ಲ.

ರಸ್ತೆ ಬದಿಯಲ್ಲಿ ಕೊಳ್ಳುವುದಾದರೂ ಇದೇ ನಿಯಮ. ಕೊಡೆಗಳನ್ನಷ್ಟೇ ಕೊಯ್ದು ಗುಡ್ಡೆ ಹಾಕಿದ್ದರೆ ಕೊಳ್ಳಬೇಡಿ. ಮಣ್ಣು ಮೆತ್ತಿದ ಉದ್ದ ಬೇರಿರುವುದನ್ನು ಕೇಳಿ.

ಮನೆಗೆ ತಂದ ಮೇಲೆ ಬೇರಿನ ಕಪ್ಪು ಭಾಗ ಕತ್ತರಿಸಿ. ಕಾಲನ್ನು ಚಾಕುವಿನಿಂದ ಮೇಲಿಂದ ಮೇಲೆ ಹೆರೆದರೆ ಮಣ್ಣು ಹೋಗುತ್ತದೆ. ಕೊಡೆಯನ್ನು ಎರಡಾಗಿ ಸಿಗಿದು ಹುಳದ ತೂತು ನೋಡಿ. ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಒಳಗಿನ ಹುಳ ಹೊರಗೆ ಬರುತ್ತವೆ. ತುಂಬ ಹೊತ್ತು ನೆನೆಸಬೇಡಿ, ನೀರು ಕುಡಿದು ರುಚಿ ಸಪ್ಪೆಯಾಗುತ್ತದೆ. ಅವತ್ತೇ ಬೇಯಿಸಿ. ಆಗದಿದ್ದರೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಒಂದು ದಿನಕ್ಕಿಂತ ಹೆಚ್ಚು ಬೇಡ.

ಒಂದೆರಡು ಇಡೀ ಅಣಬೆಯನ್ನು ಬೇರು ಸಮೇತ ಕಾಗದದಲ್ಲಿ ಸುತ್ತಿ ಬೇರೆಯಾಗಿ ಫ್ರಿಜ್ಜಿನಲ್ಲಿ ಇಟ್ಟಿರಿ. ಯಾರಿಗಾದರೂ ಹೆಚ್ಚುಕಮ್ಮಿಯಾದರೆ ವೈದ್ಯರಿಗೆ ತೋರಿಸಲು ಬೇಕಾಗುತ್ತದೆ. ಮೂರು ದಿನ ಕಳೆದ ಮೇಲೆ ಎಸೆಯಿರಿ.

ಸಾರು

ನಾಲ್ಕು ಜನಕ್ಕೆ ಅರ್ಧ ಕೆಜಿ ಅಣಬೆ ಸಾಕು. ಕೊಡೆಯನ್ನು ಕೈಯಲ್ಲೇ ಹರಿಯಿರಿ, ಕಾಲನ್ನು ಉದ್ದಕ್ಕೆ ಸಿಗಿಯಿರಿ. ಚಾಕುವಿನಿಂದ ಹೆಚ್ಚಿದರೆ ಆ ಎಳೆಗಳ ಸೊಗಸು ಹೋಗುತ್ತದೆ.

ಮಸಾಲೆಗೆ: ಎರಡು ಚಮಚ ಧನಿಯಾ, ಆರೇಳು ಒಣಮೆಣಸಿನಕಾಯಿ, ಅರ್ಧ ಚಮಚ ಮೆಣಸು, ಒಂದು ಚಿಕ್ಕ ತುಂಡು ಚಕ್ಕೆ, ಎರಡು ಲವಂಗ, ಒಂದು ಚಮಚ ಗಸಗಸೆ. ಇವನ್ನು ಎಣ್ಣೆ ಇಲ್ಲದೆ ಘಮ್ ಅನ್ನುವವರೆಗೆ ಹುರಿಯಿರಿ. ಒಂದು ದೊಡ್ಡ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಎಲ್ಲವನ್ನೂ ಅರ್ಧ ಹೋಳು ತೆಂಗಿನಕಾಯಿ ತುರಿ, ಒಂದು ಚಮಚ ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ ಸೊಪ್ಪಿನೊಂದಿಗೆ ನುಣ್ಣಗೆ ರುಬ್ಬಿ.

ದಪ್ಪ ತಳದ ಪಾತ್ರೆಗೆ ಎಣ್ಣೆ, ಸಾಸಿವೆ, ಕರಿಬೇವು, ಹೆಚ್ಚಿದ ಈರುಳ್ಳಿ. ಈರುಳ್ಳಿ ಕೆಂಪಗಾದ ಮೇಲೆ ಅಣಬೆ ಹಾಕಿ. ಅರಿಶಿನ, ಉಪ್ಪು ಹಾಕಿ ಕೈಯಾಡಿಸಿ. ನೀರು ಹಾಕಬೇಡಿ. ಅಣಬೆಯೇ ನೀರು ಬಿಡುತ್ತದೆ. ಪಾತ್ರೆ ತುಂಬಾ ಇದ್ದದ್ದು ನೋಡುನೋಡುತ್ತಲೇ ಅರ್ಧಕ್ಕೆ ಇಳಿಯುತ್ತದೆ. ಆ ನೀರು ಪೂರ್ತಿ ಇಂಗಿ, ತಳದಲ್ಲಿ ಎಣ್ಣೆ ಚಿಟಚಿಟ ಅನ್ನುವವರೆಗೆ ಕಾಯಿರಿ. ಸಾರಿನ ರುಚಿಯೆಲ್ಲ ಈ ಹೊತ್ತಿನಲ್ಲಿ ಹುಟ್ಟುತ್ತದೆ. ಅವಸರ ಮಾಡಿ ಮಸಾಲೆ ಸುರಿದರೆ ಸಾರು ನೀರು ನೀರಾಗಿರುತ್ತದೆ. ಇಂಗಿದ ಮೇಲೆ ಎರಡು ಕೋಲಾರದ ಹುಳಿ ಟೊಮೇಟೊ ಹೆಚ್ಚಿ ಹಾಕಿ, ಕರಗಿದ ಮೇಲೆ ರುಬ್ಬಿದ ಮಸಾಲೆ ಹಾಕಿ ಹಸಿ ವಾಸನೆ ಹೋಗಲಿ. ಬೇಕಾದಷ್ಟು ನೀರು ಸೇರಿಸಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಬಿಸಿ ರಾಗಿ ಮುದ್ದೆಯ ಜೊತೆ ಉಣ್ಣಿ. ಅನ್ನಕ್ಕಿಂತ ಮುದ್ದೆಗೇ ಇದು ಹೊಂದುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಳೆ ಮೊಗ್ಗು ಸಿಕ್ಕರೆ ಸಾರು ಬೇಡ. ಬೆಳ್ಳುಳ್ಳಿ ಜಜ್ಜಿ ಹಾಕಿ, ಮೆಣಸು, ಉಪ್ಪು, ಕರಿಬೇವಿನಲ್ಲಿ ಹುರಿದು ಪಲ್ಯ ಮಾಡಿ.

ಹಸಿಯಾಗಿ ಯಾವತ್ತೂ ತಿನ್ನಬೇಡಿ. ಅಣಬೆಯ ಜೀವಕೋಶದ ಗೋಡೆಯಲ್ಲಿರುವ ಕೈಟಿನ್ ಅನ್ನುವ ಗಟ್ಟಿ ಪದಾರ್ಥ ಬೇಯದೆ ಹೊಟ್ಟೆಗೆ ಒಗ್ಗುವುದಿಲ್ಲ. ಹುತ್ತದ ಅಣಬೆಯನ್ನು ಮೊದಲ ಸಲ ತಿನ್ನುವವರು ಎರಡು ಮೂರು ಚಮಚ ತಿಂದು ಒಂದು ದಿನ ನೋಡಿ. ಒಳ್ಳೆಯ ಅಣಬೆಯೂ ಕೆಲವರ ಮೈಗೆ ಆಗುವುದಿಲ್ಲ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಕಾಡು ಅಣಬೆ ಬೇಡ.

ಔಷಧ ಗುಣ ಎಷ್ಟು ನಿಜ

ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನೂರು ಗ್ರಾಂ ಹಸಿ ಬಟನ್ ಅಣಬೆಯಲ್ಲಿ ಸುಮಾರು 3 ಗ್ರಾಂ ಪ್ರೋಟೀನ್, 22 ಕ್ಯಾಲರಿ ಇರುತ್ತದೆ. ಒಂದು ಕೋಳಿ ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಅಣಬೆಯಲ್ಲಿ ಮಾಂಸದಷ್ಟೇ ಪ್ರೋಟೀನ್ ಇದೆ ಅನ್ನುವವರು ಒಣಗಿಸಿದ ಅಣಬೆಯ ಲೆಕ್ಕ ಹೇಳುತ್ತಿರುತ್ತಾರೆ. ನಾವು ಅಡುಗೆಗೆ ಹಾಕುವುದು ಒಣಗಿಸದ ಅಣಬೆಯನ್ನು ಅಲ್ವಾ? ಹಾಗಂತ ಅಣಬೆ ಕಡಿಮೆಯದು ಅಂತಲ್ಲ. ಕೊಬ್ಬು ಬಹಳ ಕಡಿಮೆ, ನಾರು ಚೆನ್ನಾಗಿದೆ, ಬಿ ಗುಂಪಿನ ಜೀವಸತ್ವಗಳು ಮತ್ತು ಪೊಟ್ಯಾಸಿಯಂ ಇವೆ. ರಾಗಿ, ಕಾಳು, ಸೊಪ್ಪಿನ ಊಟಕ್ಕೆ ಇದು ಚೆನ್ನಾಗಿ ಕೂಡಿಕೊಳ್ಳುತ್ತದೆ.

ಇನ್ನೊಂದು ನಿಜವಾದ ವಿಶೇಷ ಡಿ ಜೀವಸತ್ವ. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಡಿ2 ಜೀವಸತ್ವವಾಗುತ್ತದೆ. ಅಂಗಡಿಯಿಂದ ತಂದ ಅಣಬೆಯನ್ನೂ ಸೀಳಿ, ಪದರ ಮೇಲೆ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಇಟ್ಟು ಅಡುಗೆಗೆ ಬಳಸಬಹುದು. ಖರ್ಚಿಲ್ಲದ ಕೆಲಸ.

ಔಷಧದ ಮಾತು ಬಂದಾಗ ಹೆಚ್ಚಾಗಿ ಕೇಳುವುದು ಬೇರೆ ಅಣಬೆಗಳ ಹೆಸರು. ಜಪಾನಿನಲ್ಲಿ ಟ್ರಮೀಟಿಸ್ ಅನ್ನುವ ಮರದ ಅಣಬೆಯಿಂದ ತೆಗೆದ ಪಿಎಸ್‌ಕೆ ಅನ್ನುವ ಪದಾರ್ಥವನ್ನು 1970ರ ದಶಕದಿಂದ ಹಲವು ವರ್ಷ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡುತ್ತಿದ್ದರು. ಗಮನಿಸಿ, ಚಿಕಿತ್ಸೆಯ ಜೊತೆಗೆ, ಬದಲಿಗೆ ಅಲ್ಲ. ಅದೂ ಶುದ್ಧ ಮಾಡಿ, ಅಳತೆಯಲ್ಲಿ ಕೊಡುತ್ತಿದ್ದದ್ದು. ಚಿಪ್ಪು ಅಣಬೆಯಲ್ಲಿ (ಆಯ್ಸ್ಟರ್) ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್ ಅನ್ನುವ ಪದಾರ್ಥ ಸ್ವಲ್ಪ ಇದೆ. ಆದರೆ ಅದು ಒಂದೊಂದು ಅಣಬೆಯಲ್ಲಿ ಒಂದೊಂದು ಪ್ರಮಾಣ. ಮಾತ್ರೆ ಬಿಟ್ಟು ಪಲ್ಯ ತಿನ್ನುತ್ತೇನೆ ಅನ್ನಲು ಅದು ಸಾಲದು. ಹುತ್ತದ ಅಣಬೆಯ ಮೇಲೂ ಪ್ರಯೋಗಶಾಲೆಗಳಲ್ಲಿ ಕೆಲಸ ನಡೆದಿದೆ. ಆದರೆ ಇದು ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಹೇಳುವುದಕ್ಕೆ ಆಧಾರವಿಲ್ಲ. ಅದನ್ನು ಒಳ್ಳೆಯ ಊಟ ಅಂತ ತಿನ್ನಿ.

ನಮ್ಮ ತಿಪಟೂರು, ಗುಬ್ಬಿ, ತುರುವೇಕೆರೆಯ ತೆಂಗಿನ ತೋಟದವರಿಗೆ ಒಂದು ಮಾತು. ತೆಂಗು, ಅಡಿಕೆಯ ಬುಡದಲ್ಲಿ ಗಟ್ಟಿಯಾಗಿ, ಕಂದಾಗಿ, ಮೇಲೆ ಹೊಳಪಾಗಿ ಬರುತ್ತಲ್ಲ, ಅದು ಅಣಬೆ ರೋಗದ ಗ್ಯಾನೋಡರ್ಮ. ಇದೇ ಕುಲದ ಒಂದು ಜಾತಿಯನ್ನು ರೀಶಿ ಅಂತ ಕ್ಯಾಪ್ಸೂಲ್ ಮಾಡಿ ದುಬಾರಿಗೆ ಮಾರುತ್ತಾರೆ. ಹಾಗಾದರೆ ನಮ್ಮ ತೋಟದ್ದನ್ನೇ ಕುದಿಸಿ ಕುಡಿಯಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಎಲ್ಲ ಗ್ಯಾನೋಡರ್ಮವೂ ಒಂದೇ ಅಲ್ಲ. ಜೊತೆಗೆ ಈ ರೋಗಕ್ಕೆ ತೋಟದಲ್ಲಿ ಬೇರಿನ ಮೂಲಕ ಹೆಕ್ಸಾಕೊನಜೋಲ್ ಅನ್ನುವ ಶಿಲೀಂಧ್ರನಾಶಕ ಕೊಟ್ಟಿರುತ್ತಾರೆ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರಿಗೆ ಗ್ಯಾನೋಡರ್ಮದಿಂದ ರಕ್ತಸ್ರಾವದ ಅಪಾಯವೂ ಇದೆ. ಆ ಕೊಡೆ ಕಂಡರೆ ಮದ್ದು ಸಿಕ್ಕಿತು ಅಂದುಕೊಳ್ಳದೆ ಮರಕ್ಕೆ ರೋಗ ಬಂದಿದೆ ಅಂತ ತಿಳಿದು ಅದರ ಚಿಕಿತ್ಸೆ ನೋಡಿ.

ಗೌಟ್ ಅನ್ನುವ ಕೀಲು ನೋವಿನ ಕಾಯಿಲೆ ಇರುವವರು ಅಣಬೆಯನ್ನು ಮಿತವಾಗಿ ತಿನ್ನಬೇಕು. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ವೈದ್ಯರು ಹೇಳಿದ್ದರೆ ಅವರನ್ನು ಕೇಳಿಯೇ ತಿನ್ನಿ.

ತಿಂದು ಹೆಚ್ಚುಕಮ್ಮಿಯಾದರೆ

ಗಡಿಯಾರ ನೋಡಿ. ತಿಂದ ಎರಡು ಮೂರು ಗಂಟೆಯೊಳಗೆ ವಾಂತಿ ಬಂದರೂ ಆಸ್ಪತ್ರೆಗೆ ಹೋಗಬೇಕು. ಆದರೆ ಆರು ಗಂಟೆ ಕಳೆದ ಮೇಲೆ, ಮರುದಿನ ಬೆಳಿಗ್ಗೆ ಶುರುವಾದರೆ ಅದು ಇನ್ನೂ ಅಪಾಯ. ಅಮಾನಿಟದ ವಿಷ ಹೀಗೆ ತಡವಾಗಿ ಕೆಲಸ ಶುರು ಮಾಡುತ್ತದೆ. ವಾಂತಿ ಭೇದಿ ಒಂದು ದಿನ ಜೋರಾಗಿ, ಆಮೇಲೆ ನಿಂತುಹೋಗಿ, ಮನುಷ್ಯ ಎದ್ದು ಓಡಾಡುವ ಹಾಗಾಗುತ್ತದೆ. ವಾಸಿಯಾಯಿತು ಅಂತ ಮನೆಯವರು ಕರೆದುಕೊಂಡು ಬಂದುಬಿಡುತ್ತಾರೆ. ಆ ಹೊತ್ತಿನಲ್ಲೇ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಮೂರನೇ, ನಾಲ್ಕನೇ ದಿನಕ್ಕೆ ಕಾಮಾಲೆ ಕಾಣುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಜ್ಜಿಗೆ, ನಿಂಬೆ ರಸ, ಹುಣಸೆ ನೀರು ಅಂತ ಕಾಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿ ಹತ್ತಿಸಿ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ಹೋಗಿ. ಅದೇ ಸಾರು ಉಂಡವರೆಲ್ಲ ಹೋಗಬೇಕು, ಚೆನ್ನಾಗಿದ್ದೇನೆ ಅನ್ನುವವರೂ ಸೇರಿ. ಫ್ರಿಜ್ಜಿನಲ್ಲಿಟ್ಟ ಅಣಬೆ, ಉಳಿದ ಸಾರು ಜೊತೆಗೆ ಒಯ್ಯಿರಿ. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಗಂಟೆಗೆ ಶುರುವಾದದ್ದು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಡಿ. ಲಿವರ್ ಪರೀಕ್ಷೆ ಮಾಡಿ, ಮರುದಿನವೂ ಮಾಡಿ ಅಂತ ನೀವೇ ಕೇಳಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ವೈದ್ಯರಿಗೂ ಈ ನಂಬರ್ ಉಪಯೋಗಕ್ಕೆ ಬರುತ್ತದೆ.

ವರ್ಷವಿಡೀ ಬೇಕು ಅನ್ನುವವರಿಗೆ

ಕಾಡಿಗೆ ಹೋಗುವ ಧೈರ್ಯ ಇಲ್ಲ, ಅಣಬೆಯ ಆಸೆ ಇದೆ ಅನ್ನುವವರು ಚಿಪ್ಪು ಅಣಬೆ ಬೆಳೆಯಿರಿ. ಬೀಜ ಮತ್ತು ತರಬೇತಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ತುಮಕೂರಿನವರು ಹಿರೇಹಳ್ಳಿ ಅಥವಾ ತಿಪಟೂರಿನ ಕೊನೇಹಳ್ಳಿ, ಕೋಲಾರದವರು ಟಮಕ, ಚಿಕ್ಕಬಳ್ಳಾಪುರದವರು ಚಿಂತಾಮಣಿಯ ಕುರುಬೂರು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು.

ಭತ್ತದ ಹುಲ್ಲನ್ನು ಎರಡಿಂಚು ಉದ್ದಕ್ಕೆ ಕತ್ತರಿಸಿ. ರಾಗಿ ಹುಲ್ಲೂ ಆಗುತ್ತದೆ, ಮಳೆಯಲ್ಲಿ ನೆನೆದು ಮುಗ್ಗಲಾಗಿರಬಾರದು ಅಷ್ಟೆ. ರಾತ್ರಿ ನೆನೆಸಿ, ಬೆಳಿಗ್ಗೆ 80 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಇಟ್ಟು, ಬಸಿದು ಆರಲು ಹರಡಿ. ಮುಷ್ಟಿಯಲ್ಲಿ ಹಿಂಡಿದರೆ ಕೈ ತೇವವಾಗಬೇಕು, ನೀರು ತೊಟ್ಟಿಕ್ಕಬಾರದು. ಪ್ಲಾಸ್ಟಿಕ್ ಚೀಲಕ್ಕೆ ಒಂದು ಪದರ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಹೀಗೆ ತುಂಬಿ. ಒಂದು ಕೆಜಿ ಒಣ ಹುಲ್ಲಿಗೆ ಸುಮಾರು 100 ಗ್ರಾಂ ಬೀಜ ಸಾಕು. ಚೀಲದ ಬಾಯಿ ಕಟ್ಟಿ, ಗಾಳಿಗೆ ಸಣ್ಣ ತೂತು ಮಾಡಿ, ಕತ್ತಲ ಕೋಣೆಯಲ್ಲಿ ಹದಿನೈದು ಇಪ್ಪತ್ತು ದಿನ ಇಡಿ. ಒಳಗೆಲ್ಲ ಬೆಳ್ಳಗೆ ಹಬ್ಬಿದ ಮೇಲೆ ಚೀಲ ಕೊಯ್ದು ತೆಗೆದು, ಗಾಳಿ ಬೆಳಕು ಸಿಗುವ ಕಡೆ ತೂಗುಹಾಕಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಒಂದು ವಾರದಲ್ಲಿ ಮೊದಲ ಕೊಯ್ಲು ಬರುತ್ತದೆ, ಆಮೇಲೆ ಇನ್ನೂ ಒಂದೆರಡು. ಏಪ್ರಿಲ್, ಮೇ ಬಿಸಿಲಿನಲ್ಲಿ ಮಾತ್ರ ಕಷ್ಟ, ಕೋಣೆ 30 ಡಿಗ್ರಿ ದಾಟದಂತೆ ಒದ್ದೆ ಗೋಣಿ ಕಟ್ಟಬೇಕು. ಕೊಡೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ದುಬಿಡಿ. ತಡಮಾಡಿದರೆ ಬೀಜಕದ ಪುಡಿ ಕೋಣೆ ತುಂಬಾ ಹಾರಿ ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಬೆಳೆ ಮುಗಿದ ಹುಲ್ಲನ್ನು ತಿಪ್ಪೆಗೆ ಹಾಕಿ, ಒಳ್ಳೆಯ ಗೊಬ್ಬರವಾಗುತ್ತದೆ.